ಕಿಲೋಗೆ ಹದಿಮೂರು

ಚಳಿಗಾಲ ಮುಗಿಯುತ್ತ ಬಂದಿತ್ತು. ಬೆಳಗಿನ ಏಳೂವರೆಯ ಬಿಸಿಲು ವಠಾರದ ಗೇಟಿನ ತನಕ ಬಂದು, ಒಳಗೆ ಬರಲೋ ಬೇಡವೋ ಎಂದು ಸಂಕೋಚಪಡುತ್ತ ನಿಂತಿತ್ತು. ಅವತ್ತು ಭಾನುವಾರ. ದೊಡ್ಡಮ್ಮ ಕಾಫಿ ಲೋಟ ಹಿಡಿದು ಜಗಲಿಗೆ ಬಂದರು. ಇಪ್ಪತ್ತು ವರ್ಷದಿಂದ ಮಾಡಿದ ಹಾಗೆ ಹಿಂದೆ ತಿರುಗಿ ನೋಡದೆ ಕುಳಿತರು. ಕುಳಿತ ಜಾಗದಲ್ಲಿ ಬೆತ್ತದ ಕುರ್ಚಿ ಇರಲಿಲ್ಲ.

ಆ ಸದ್ದಿಗೆ ಮೊದಲು ಓಡಿಬಂದದ್ದು ನಾಯಿ. ಬಂದು, ನೆಲದ ಮೇಲೆ ಕಾಫಿಯಲ್ಲಿ ತೊಯ್ದು ಕುಳಿತಿದ್ದವರನ್ನು ಕಂಡು, ಇವರು ಯಾರೋ ಕಳ್ಳರೇ ಇರಬೇಕೆಂದು ತೀರ್ಮಾನಿಸಿ, ವಠಾರದ ಐದು ಮನೆಗಳೂ ಏಳುವಂತೆ ಬೊಗಳತೊಡಗಿತು.

"ಕುರ್ಚಿ ಎಲ್ಲೋ? ನನ್ನ ಕುರ್ಚಿ ಎಲ್ಲಿ?" ಎಂದು ದೊಡ್ಡಮ್ಮ ಕೂಗಿದರು.

ಗೇಟಿನ ಪಕ್ಕದ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡಿದ್ದ ಟೈಲರು ತಲೆ ಹೊರಗೆ ಹಾಕಿದ. "ಬೆತ್ತದ ಕುರ್ಚಿನಾ ದೊಡ್ಡಮ್ಮ? ಆರು ಗಂಟೆಗೆ ಯಾರೋ ಒಬ್ಬ ತಲೆ ಮೇಲೆ ಹೊತ್ಕೊಂಡು ಹೋದ."

"ನೋಡ್ಕೊಂಡು ಸುಮ್ನಿದ್ದೆಯಾ?"

"ನಾಯಿ ಜೊತೆಗೇ ಇತ್ತಲ್ಲ. ಬಾಲ ಅಲ್ಲಾಡಿಸ್ಕೊಂಡು ಬೀದಿ ಕೊನೆ ತನಕ ಬಿಟ್ಟುಬಂತು. ಮನೆಯವ್ರೇ ಕಳಿಸಿದ್ದಾರೆ ಅಂದ್ಕೊಂಡೆ."

ದೊಡ್ಡಮ್ಮ ಗೋಡೆ ಹಿಡಿದು ಎದ್ದರು. ವಠಾರ ಪೂರ್ತಿ ಅವರದು. ಐದು ಮನೆಯಲ್ಲಿ ಮೂರನ್ನು ಬಾಡಿಗೆಗೆ ಕೊಟ್ಟಿದ್ದರು, ಮುಂದಿನದರಲ್ಲಿ ತಾವಿದ್ದರು, ಹಿಂದಿನ ಒಂದರಲ್ಲಿ ತಂಗಿಯ ಮಗಳನ್ನೂ ಅವಳ ಗಂಡನನ್ನೂ ಇಟ್ಟುಕೊಂಡಿದ್ದರು. ಈ ಗಂಡನೇ ನಾಯಿಯ ಯಜಮಾನ. ಅವನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ನೋಡುವುದು, ಕಲ್ಲು ನೋಡುವುದು, ಸರಿಯಿದ್ದರೆ ಮುದ್ರೆ ಒತ್ತುವುದು ಅವನ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿ, ಪ್ರಪಂಚದಲ್ಲಿ ತೂಗಲಾಗದ್ದು ಏನೂ ಇಲ್ಲ ಎಂಬ ನಂಬಿಕೆಗೆ ಬಂದಿದ್ದ. ವಠಾರದಲ್ಲಿ ಎಲ್ಲರೂ ಅವನನ್ನು ತಕ್ಕಡಿ ಸಾಹೇಬರು ಅನ್ನುತ್ತಿದ್ದರು. ಎದುರಿಗಿಲ್ಲದಾಗ ಬರೀ ತಕ್ಕಡಿ. ನಾಯಿಯನ್ನು ಮರಿಯಾಗಿ ತಂದ ದಿನ ತೂಗಿ ನೋಡಿದಾಗ ಸರಿಯಾಗಿ ಒಂದು ಕಿಲೋ ಬಂದಿತ್ತು. ಆ ಸಂತೋಷಕ್ಕೆ ಅದಕ್ಕೆ ಕಿಲೋ ಎಂದೇ ಹೆಸರಿಟ್ಟಿದ್ದ. ಈಗ ಅದು ಹತ್ತೊಂಬತ್ತು ಕಿಲೋ ಇತ್ತು. ಹೆಸರು ಮಾತ್ರ ಬೆಳೆದಿರಲಿಲ್ಲ.

"ಅಳಿಯಂದ್ರೆ, ಇಲ್ಲಿ ಬನ್ನಿ," ಎಂದರು ದೊಡ್ಡಮ್ಮ. ಅವರು ಮರ್ಯಾದೆ ಕೊಟ್ಟು ಮಾತಾಡಿದರೆ ಏನೋ ಗ್ರಹಚಾರ ಕಾದಿದೆ ಎಂದೇ ಅರ್ಥ. "ಕುರ್ಚಿ ಕದ್ದವನನ್ನ ಬೀಳ್ಕೊಟ್ಟು ಬಂತು. ಕುರ್ಚಿ ಕಳ್ಕೊಂಡವಳ ಮೇಲೆ ಬೊಗಳ್ತಾ ಇದೆ. ಇಷ್ಟು ಪೆದ್ದ ನಾಯಿ ನನ್ನ ವಠಾರದಲ್ಲಿ ಬೇಡ. ಸಾಮಿಲ್ ಮೇಸ್ತ್ರಿ ಕಾವಲಿಗೆ ಒಂದು ನಾಯಿ ಬೇಕು ಅಂತಿದ್ದ. ಸಂಜೆ ಆರಕ್ಕೆ ಬಂದು ಕರ್ಕೊಂಡು ಹೋಗೋಕೆ ಹೇಳ್ತೀನಿ."

ತಕ್ಕಡಿ ನಾಯಿಗೆ ಅಡ್ಡವಾಗಿ ಬಂದು ನಿಂತ. ಸಾಮಿಲ್ಲು ಊರಾಚೆ ಇತ್ತು. ಅಲ್ಲಿ ಹಗಲೆಲ್ಲ ಗರಗಸದ ಕಿರುಚಾಟ, ಮರದ ಪುಡಿ, ಕುತ್ತಿಗೆಗೆ ಸರಪಳಿ. ಅದಕ್ಕಿಂತ ಹೆಚ್ಚಾಗಿ, ಅವನು ಆಫೀಸಿನಿಂದ ಬಂದು ಅವತ್ತು ಯಾವ ಅಂಗಡಿಯ ತಕ್ಕಡಿ ಎಷ್ಟು ಗ್ರಾಂ ತಪ್ಪಿತ್ತು ಎಂದು ಹೇಳುವಾಗ ನಡುವೆ ಬಾಯಿ ಹಾಕದೆ ಕೇಳುತ್ತಿದ್ದ ಜೀವ ಆ ವಠಾರದಲ್ಲಿ ಕಿಲೋ ಒಂದೇ. ಹೆಂಡತಿ ಮೊದಲ ಅಂಗಡಿಗೇ ಎದ್ದು ಒಳಗೆ ಹೋಗುತ್ತಿದ್ದಳು.

"ಪೆದ್ದು ಅಂತ ಹಾಗೇ ಹೇಳೋಕಾಗಲ್ಲ ದೊಡ್ಡಮ್ಮ," ಎಂದ. "ಅಳತೆ ಮಾಡಿ ನೋಡ್ಬೇಕು."

"ಏನನ್ನ?"

"ಬುದ್ಧೀನ."

ಒಳಗೆ ಓಡಿ ಒಂದು ಕಾಗದ ತಂದ. ಹಿಂದಿನ ದಿನ ಬೇಕರಿಯವನು ಬ್ರೆಡ್ಡು ಸುತ್ತಿಕೊಟ್ಟಿದ್ದ ಪತ್ರಿಕೆಯ ಹಾಳೆ. ಮೇಲೆ ದಪ್ಪಕ್ಷರದಲ್ಲಿ 'ನಿಮ್ಮ ನಾಯಿ ಎಷ್ಟು ಜಾಣ? ಮನೆಯಲ್ಲೇ ಪರೀಕ್ಷಿಸಿ' ಎಂದಿತ್ತು. ಪರೀಕ್ಷೆ ನಾಲ್ಕು, ಒಂದೊಂದಕ್ಕೆ ಐದು ಅಂಕ.

ಈ ಹೊತ್ತಿಗೆ ಮಹಡಿ ಮನೆಯ ಮೇಷ್ಟ್ರು ಇಳಿದು ಬಂದಿದ್ದರು. ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಶಾಲೆ ಅವರನ್ನು ಬಿಟ್ಟಿತ್ತು, ಅವರು ಶಾಲೆಯನ್ನು ಬಿಟ್ಟಿರಲಿಲ್ಲ. ಹಾಳೆ ಇಸಿದುಕೊಂಡು, ಕನ್ನಡಕ ಏರಿಸಿ, ಎರಡು ಕಾಗುಣಿತದ ತಪ್ಪು ಕಂಡುಹಿಡಿದು, "ವಿಧಾನ ಶಾಸ್ತ್ರೀಯವಾಗಿಯೇ ಇದೆ," ಎಂದು ಅಪ್ಪಣೆ ಕೊಟ್ಟರು.

"ಆಯ್ತು," ಎಂದರು ದೊಡ್ಡಮ್ಮ. "ಜಾಣ ಅಂತ ಆದ್ರೆ ಇರ್ಲಿ. ಪೆದ್ದು ಅಂತ ಆದ್ರೆ ಸಾಮಿಲ್ಲಿಗೆ. ಆಮೇಲೆ ಅಳಬಾರದು."

ತಕ್ಕಡಿ ಒಪ್ಪಿದ. ಸೆಕೆಂಡು ಎಣಿಸುವ ಆಫೀಸಿನ ನಿಲುಗಡಿಯಾರ ತಂದ, ಆಫೀಸಿನ ಉದ್ದ ಪುಸ್ತಕ ತಂದ, ಮುದ್ರೆಯ ಡಬ್ಬಿಯನ್ನೂ ತಂದ. ಮನೆಗೆ ಏನು ಹೊತ್ತು ತರಬಾರದೋ ಅದನ್ನೆಲ್ಲ ಅವನು ಶನಿವಾರ ಸಂಜೆ ಜೋಪಾನವಾಗಿ ಹೊತ್ತು ತರುತ್ತಿದ್ದ, ಕಳೆದುಹೋಗದಿರಲಿ ಎಂದು.

ಮೊದಲನೆಯದು ಟವೆಲ್ ಪರೀಕ್ಷೆ. ನಾಯಿಯ ತಲೆ ಮುಚ್ಚುವ ಹಾಗೆ ಟವೆಲ್ ಹಾಕಬೇಕು, ಅದು ಎಷ್ಟು ಬೇಗ ಹೊರಬರುತ್ತದೆ ನೋಡಬೇಕು. ಹದಿನೈದು ಸೆಕೆಂಡಿನೊಳಗೆ ಬಂದರೆ ಐದು, ಅರ್ಧ ನಿಮಿಷಕ್ಕೆ ನಾಲ್ಕು, ಒಂದು ನಿಮಿಷಕ್ಕೆ ಮೂರು, ಎರಡು ನಿಮಿಷಕ್ಕೆ ಒಂದು. ಆಮೇಲೆ ಸೊನ್ನೆ. ಕಿಲೋ ಹನ್ನೊಂದು ಸೆಕೆಂಡಿಗೆ ತಲೆ ಕೊಡವಿ ಹೊರಬಂತು. ಐದು.

ಎರಡನೆಯದು ಮೂರು ಬಟ್ಟಲು. ಒಂದರ ಕೆಳಗೆ ನೋಡನೋಡುತ್ತಲೇ ಬಿಸ್ಕತ್ತು ಇಡಬೇಕು, ನಾಯಿಯನ್ನು ಒಂದು ಸುತ್ತು ತಿರುಗಿಸಿ ಬಿಡಬೇಕು. ಕಿಲೋ ಮೊದಲು ತಪ್ಪು ಬಟ್ಟಲು ಉರುಳಿಸಿ, ಆಮೇಲೆ ಸರಿಯಾದದ್ದು ಉರುಳಿಸಿತು. ಎರಡನೇ ಸಲಕ್ಕೆ ಸಿಕ್ಕರೆ ಮೂರು.

ಮೂರನೆಯದಕ್ಕೆ ಗಿಡ್ಡ ಬೆಂಚಿನ ಕೆಳಗೆ ಬಿಸ್ಕತ್ತು ತಳ್ಳಿದರು. ಮೂತಿ ತೂರುವುದಿಲ್ಲ, ಕಾಲು ಹಾಕಿ ಎಳೆಯಬೇಕು. ಕಿಲೋಗೆ ಅದು ಹೊಳೆಯಲು ಒಂದೂವರೆ ನಿಮಿಷ ಹಿಡಿಯಿತು. ಮತ್ತೆ ಮೂರು.

ನಾಲ್ಕನೆಯದು ಕರೆಯುವುದು. ಹೆಸರು ಹೇಳುವ ದನಿಯಲ್ಲೇ ಮೊದಲು ಬೇರೆ ಏನಾದರೂ ಕೂಗಬೇಕು, ಆಮೇಲೆ ಹೆಸರು ಕೂಗಬೇಕು. ಹೆಸರಿಗೆ ಮಾತ್ರ ಬಂದರೆ ಐದು. ಯಾವುದಕ್ಕೂ ಬಾರದಿದ್ದರೆ ಮೂರು, ಎರಡಕ್ಕೂ ಬಂದರೆ ಎರಡು, ತಪ್ಪು ಕೂಗಿಗೆ ಮಾತ್ರ ಬಂದರೆ ಸೊನ್ನೆ. ತಕ್ಕಡಿ ಜೇನಿನಂಥ ದನಿಯಲ್ಲಿ "ಮೇಜೂ... ಬಾ ಮೇಜೂ..." ಎಂದ. ಕಿಲೋ ಓಡಿ ಬಂತು. "ಕಿಲೋ" ಎಂದ. ಬಂದೇ ಇದ್ದ ಕಿಲೋ ಇನ್ನೂ ಹತ್ತಿರ ಬಂತು. ಎರಡು.

"ಒಟ್ಟು ಹದಿಮೂರು!" ಎಂದ ತಕ್ಕಡಿ, ಮಗ ಪಾಸಾದ ಹಾಗೆ.

"ಹದಿಮೂರು ಅಂದ್ರೆ ಜಾಣನೋ, ಪೆದ್ದೋ?" ಎಂದರು ದೊಡ್ಡಮ್ಮ.

ತಕ್ಕಡಿ ಹಾಳೆಯ ಕೆಳಭಾಗ ನೋಡಿದ. 'ನಿಮ್ಮ ನಾಯಿಗೆ ಬಂದ ಅಂಕಗಳು' ಎಂಬ ಸಾಲಿನ ತನಕ ಹಾಳೆ ಇತ್ತು. ಮುಂದೆ ಇರಲಿಲ್ಲ.

"ರೀ, ಆ ಕೆಳಗಿನ ತುಂಡಲ್ಲಿ ನಾನು ಒಲೆ ಒರೆಸ್ದೆ," ಎಂದಳು ಹೆಂಡತಿ ಒಳಗಿನಿಂದ.

ಬೇರೆ ಯಾರಾದರೂ ಆಗಿದ್ದರೆ ಆ ಗಳಿಗೆಯಲ್ಲಿ, ಹತ್ತು ದಾಟಿದರೆ ಜಾಣ ಎಂದು ಹೇಳಿ ನಾಯಿಯನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ತಕ್ಕಡಿ ತನ್ನ ಇಲಾಖೆಯ ಅನ್ನ ತಿಂದವನು. ಅವನ ಆಫೀಸಿನ ಬೀರುವಿನಲ್ಲಿ ಮಖಮಲ್ಲಿನ ಪೆಟ್ಟಿಗೆಯೊಳಗೆ ಹಿತ್ತಾಳೆಯ ಪ್ರಮಾಣದ ಕಲ್ಲುಗಳಿದ್ದವು. ಊರಿನ ಯಾವ ಕಲ್ಲನ್ನೇ ಆಗಲಿ ಅವುಗಳ ಎದುರಿಗಿಟ್ಟು ನೋಡದೆ ಸರಿ ಎನ್ನುವ ಹಾಗಿರಲಿಲ್ಲ, ತಪ್ಪು ಎನ್ನುವ ಹಾಗೂ ಇರಲಿಲ್ಲ.

"ಪ್ರಮಾಣ ಬೇಕು," ಎಂದ. "ಬುದ್ಧಿವಂತರು ಅಂತ ಎಲ್ಲರಿಗೂ ಗೊತ್ತಿರೋರನ್ನ ಇದೇ ಪರೀಕ್ಷೆಗೆ ಇಟ್ಟು ನೋಡ್ಬೇಕು. ಅವರಿಗೆ ಎಷ್ಟು ಬರುತ್ತೋ ಅದರ ಎದುರಿಗೆ ಕಿಲೋದು ಇಟ್ರೆ ಗೊತ್ತಾಗುತ್ತೆ."

ಬುದ್ಧಿವಂತರು ಎಂದ ಕೂಡಲೇ ಮೇಷ್ಟ್ರು ಕೆಮ್ಮಿದರು. "ಊರಿಗೆ ಉಪಕಾರ ಆಗೋದಾದರೆ ನನ್ನದೇನೂ ಅಡ್ಡಿಯಿಲ್ಲ," ಎನ್ನುತ್ತ ಜಗಲಿಯ ನಡುವೆ ಬಂದು ನೆಟ್ಟಗೆ ನಿಂತರು, ಹಾರ ಹಾಕಿಸಿಕೊಳ್ಳುವವರ ಹಾಗೆ. ಅವರ ತಲೆಯ ಮೇಲೆ ಟವೆಲ್ ಬಿತ್ತು.

"ನನ್ನ ಮೂವತ್ತೆಂಟು ವರ್ಷದ ಸೇವೆಯಲ್ಲಿ..." ಎಂದು ಟವೆಲ್ ಮಾತಾಡತೊಡಗಿತು. ಮೂವತ್ತೆಂಟು ವರ್ಷವನ್ನು ಆದಷ್ಟು ಚುಟುಕಾಗಿಯೇ ಹೇಳಿ, ಟವೆಲ್ ಎಳೆದರೆ ಕನ್ನಡಕದ ದಾರ ನೂಲಿಗೆ ಸಿಕ್ಕಿಕೊಂಡಿತ್ತು. ನಲವತ್ತೆಂಟು ಸೆಕೆಂಡು. ಮೂರು.

ಬಟ್ಟಲ ಪರೀಕ್ಷೆಯಲ್ಲಿ ಬಿಸ್ಕತ್ತನ್ನು ಎಡಗಡೆಯದರ ಕೆಳಗೆ ಅವರ ಮೂಗಿನ ಎದುರಿಗೇ ಇಟ್ಟರು. ಮೇಷ್ಟ್ರು ಒಂದು ಸುತ್ತು ತಿರುಗಿ, ಗದ್ದಕ್ಕೆ ಬೆರಳಿಟ್ಟು ಯೋಚಿಸಿದರು. "ಎಡಗಡೆ ಇಟ್ಟಿದ್ದನ್ನು ನನಗೆ ತೋರಿಸಿಯೇ ಇಟ್ಟಿರಿ. ತೋರಿಸಿ ಇಟ್ಟಿರಿ ಎಂದ ಮೇಲೆ ಅದು ಅಲ್ಲಿ ಇರಲಾರದು." ಬಲದ್ದನ್ನು ಎತ್ತಿದರು. ಇಲ್ಲ. "ಬಲಗಡೆ ಇಲ್ಲ ಎಂದರೆ ನನ್ನ ಊಹೆ ನಿಮಗೆ ಮೊದಲೇ ತಿಳಿದಿತ್ತು," ಎಂದು ನಡುವಿನದನ್ನು ಎತ್ತಿದರು. ಇಲ್ಲ. ಮೂರನೇ ಸಲಕ್ಕೆ ಬಿಸ್ಕತ್ತು ಸಿಕ್ಕಿತು. ಒಂದು ಅಂಕ.

ಬೆಂಚಿನ ಮುಂದೆ ಕುಳಿತು, ಹಿಂದಿನ ಕಾಲದಲ್ಲಿ ಬೆಂಚುಗಳನ್ನು ಎಷ್ಟು ಎತ್ತರ ಮಾಡುತ್ತಿದ್ದರು ಎಂದು ವಿವರಿಸಿದರು. ಕೈ ಹಾಕಲಿಲ್ಲ. ಪ್ರಯತ್ನವೇ ಮಾಡದವರಿಗೆ ಒಂದು ಅಂಕ ಎಂದು ಹಾಳೆಯಲ್ಲಿತ್ತು. ಕೊನೆಗೆ ಅವರನ್ನು ಮೂಲೆಯಲ್ಲಿ ನಿಲ್ಲಿಸಿ ತಕ್ಕಡಿ "ಕುಕ್ಕರ್..." ಎಂದು ಕೂಗಿದ. "ಏನು?" ಎಂದು ಬಂದರು ಮೇಷ್ಟ್ರು. ಯಾರನ್ನು ಯಾರು ಕರೆದರೂ ತನ್ನನ್ನೇ ಇರಬೇಕು ಎಂಬುದು ಅವರ ಜೀವಮಾನದ ಅಭ್ಯಾಸ. "ಮೇಷ್ಟ್ರೇ" ಎಂದಾಗಲೂ ಬಂದರು. ಎರಡು.

"ಒಟ್ಟು ಏಳು," ಎಂದು ತಕ್ಕಡಿ ಓದಿದ.

ಕಿಲೋ ಬೆಂಚಿನ ಕೆಳಗಿದ್ದ ಬಿಸ್ಕತ್ತನ್ನು ಈ ಸಲ ಹತ್ತು ಸೆಕೆಂಡಿಗೆ ಎಳೆದುಕೊಂಡು ತಿಂದಿತು.

"ಒಂದು ಕಲ್ಲನ್ನ ನಂಬೋ ಹಾಗಿಲ್ಲ," ಎಂದ ತಕ್ಕಡಿ, ಮೇಷ್ಟ್ರ ಮುಖ ನೋಡದೆ. "ಇನ್ನೂ ಎರಡು ಮೂರು ನೋಡೋಣ."

ಟೈಲರು ತಾನೇ ಬಂದ. ತಲೆ ಮೇಲೆ ಬಿದ್ದ ಟವೆಲಿನ ಅಂಚನ್ನು ಬೆರಳಲ್ಲಿ ಸವರಿ, "ಹೊಲಿಗೆ ಬಿಟ್ಟಿದೆ," ಎಂದು ಹೇಳಿ ಇಪ್ಪತ್ತು ಸೆಕೆಂಡಿಗೆ ಹೊರಬಂದ, ನಾಲ್ಕು. ಬಟ್ಟಲು ಎರಡನೇ ಸಲಕ್ಕೆ, ಮೂರು. ಬೆಂಚಿನ ಕೆಳಗಿನದನ್ನು ಅಡಿಕೋಲಿನಿಂದ ಚಕ್ಕನೆ ಎಳೆದ, ಐದು. ವಠಾರದವರು ಚಪ್ಪಾಳೆ ತಟ್ಟಿದರು. ಆದರೆ "ಬಕೆಟ್..." ಎಂದಾಗ ನಗುತ್ತ ಬಂದವನು, "ಟೈಲರಣ್ಣಾ!" ಎಂದ ಕೂಡಲೇ ಬಾಗಿಲ ಹಿಂದೆ ಬಚ್ಚಿಟ್ಟುಕೊಂಡ. ಹೇಳಿದ ದಿನಕ್ಕೆ ಬಟ್ಟೆ ಕೊಡದವನಿಗೆ ತನ್ನ ಹೆಸರು ಕೇಳಿದರೆ ಕಾಲು ತಾನಾಗಿ ಆ ಕಡೆ ಹೋಗುತ್ತದೆ. ಸೊನ್ನೆ. ಒಟ್ಟು ಹನ್ನೆರಡು.

"ನಾಯಿಗಿಂತ ಒಂದೇ ಕಮ್ಮಿ," ಎಂದು ಟೈಲರು ಸಮಾಧಾನಪಟ್ಟುಕೊಂಡ. "ಮೇಷ್ಟ್ರಿಗಿಂತ ಐದು ಜಾಸ್ತಿ."

"ಇವಳೇ, ನೀನೂ ಬಾ," ಎಂದ ತಕ್ಕಡಿ ಹೆಂಡತಿಗೆ.

"ನಂಗೆ ಕೆಲಸ ಇದೆ."

"ಎರಡು ನಿಮಿಷ."

ಅವಳು ಕೈ ಒರೆಸಿಕೊಳ್ಳುತ್ತ ಬಂದಳು. ತಲೆ ಮೇಲೆ ಬಿದ್ದ ಟವೆಲನ್ನು ಮೂರು ಸೆಕೆಂಡಿಗೆ ತೆಗೆದು, ಮಡಿಸಿ, ಗಂಡನ ಹೆಗಲ ಮೇಲೆ ಹಾಕಿದಳು. ಬಟ್ಟಲು ಎತ್ತಿ ಬಿಸ್ಕತ್ತು ಡಬ್ಬಿಗೆ ಹಾಕಿದಳು. ಬೆಂಚಿನ ಕೆಳಗೆ ಪೊರಕೆ ಆಡಿಸಿದಳು. ಬಿಸ್ಕತ್ತಿನ ಜೊತೆಗೆ ಹೋದ ವರ್ಷ ಕಳೆದಿದ್ದ ಒಂದು ಚಮಚವೂ ಬಂತು. ಐದು, ಐದು, ಐದು. ಆಮೇಲೆ ಅಡಿಗೆಮನೆಗೆ ಹೋದವಳನ್ನು ತಕ್ಕಡಿ "ಮೇಜೂ..." ಎಂದು ಕರೆದ. ತಿರುಗಲಿಲ್ಲ. "ಇವಳೇ..." ಎಂದು ಕರೆದ. ತಿರುಗಲಿಲ್ಲ. ಹನ್ನೊಂದು ವರ್ಷದಿಂದಲೂ ತಿರುಗಿರಲಿಲ್ಲ. ಮೂರು. ಒಟ್ಟು ಹದಿನೆಂಟು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಮೇಷ್ಟ್ರಿಗೆ ಏಳರ ಜೊತೆಗೆ ಒಬ್ಬರಾದರೂ ಬೇಕಾಗಿತ್ತು. "ವಠಾರದ ಹಿರಿಯರು ದೊಡ್ಡಮ್ಮ," ಎಂದರು. "ಪ್ರಮಾಣ ಅಂದ ಮೇಲೆ ಅವರನ್ನ ಬಿಟ್ಟು ಮಾಡಿದರೆ ಅವಮಾನ ಮಾಡಿದ ಹಾಗೆ."

ಅವಮಾನ ಎಂದ ಮೇಲೆ ದೊಡ್ಡಮ್ಮ ಬರದೇ ಇರುತ್ತಾರೆಯೇ? ಮಡಿಸುವ ಕಬ್ಬಿಣದ ಕುರ್ಚಿಯಲ್ಲಿ ಕುಳಿತರು. ತಕ್ಕಡಿ ಟವೆಲ್ ಹಾಕಿದ. ದೊಡ್ಡಮ್ಮ ಅಲ್ಲಾಡಲಿಲ್ಲ. ತಮ್ಮ ಮೇಲೆ ಬಿದ್ದದ್ದನ್ನು ಬೇರೆಯವರು ತೆಗೆಯುತ್ತಾರೆ ಎಂಬುದು ಅವರ ಅನುಭವ. "ತೆಗೀರಿ," ಎಂದರು. ಮುಟ್ಟಿದರೆ ಪರೀಕ್ಷೆ ಕೆಡುತ್ತದೆ ಎಂದು ಯಾರೂ ಮುಟ್ಟಲಿಲ್ಲ. "ತೆಗೀರೋ!" ಎಂದರು. ಒಂದು ನಿಮಿಷ ನಲವತ್ತು ಸೆಕೆಂಡಾದ ಮೇಲೆ ಕಿತ್ತು ಎಸೆದರು. ಒಂದು ಅಂಕ. ಬಟ್ಟಲು ಮೊದಲ ಸಲಕ್ಕೇ, ತಮ್ಮ ಮನೆಯ ಬಿಸ್ಕತ್ತು ಎಲ್ಲಿದೆ ಎಂದು ಅವರಿಗೆ ಯಾವಾಗಲೂ ಗೊತ್ತಿರುತ್ತಿತ್ತು, ಐದು. ಬೆಂಚಿನ ಹತ್ತಿರ ಬಗ್ಗದೆ ನಿಂತು, "ಏ ಹುಡುಗಿ, ಅದನ್ನ ತೆಕ್ಕೊಡೇ," ಎಂದು ತಂಗಿಯ ಮಗಳಿಗೆ ಹೇಳಿದರು, ಒಂದು. "ಮೇಜೂ..." ಎಂದಾಗ "ಮೇಜಿಗೇನು ಮಾಡಿದ್ರೋ?" ಎಂದು ಬಂದರು, "ದೊಡ್ಡಮ್ಮಾ" ಎಂದಾಗ "ಇನ್ನೇನು ಮಾಡಿದ್ರೋ?" ಎಂದು ಬಂದರು, ಎರಡು.

ತಕ್ಕಡಿ ಕೂಡಿಸಿದ. ಇನ್ನೊಂದು ಸಲ ಕೂಡಿಸಿದ. ಮೂರು ಸಲ ನೋಡದೆ ಬರೆಯಬಾರದು ಎಂಬುದು ಇಲಾಖೆಯ ನಿಯಮ, ಆದ್ದರಿಂದ ಮೂರನೇ ಸಲವೂ ಕೂಡಿಸಿದ. ಆಮೇಲೆ ಗಟ್ಟಿಯಾಗಿ ಓದಿದ: "ನನ್ನ ಮನೆಯವಳು ಹದಿನೆಂಟು. ಕಿಲೋ ಹದಿಮೂರು. ಟೈಲರು ಹನ್ನೆರಡು. ದೊಡ್ಡಮ್ಮ ಒಂಬತ್ತು. ಮೇಷ್ಟ್ರು ಏಳು." ಓದಿ, ಪುಟದ ಕೆಳಗೆ ಮುದ್ರೆ ಒತ್ತಿದ. "ಗೆದ್ದುಬಿಡ್ತು, ದೊಡ್ಡಮ್ಮ! ಕಿಲೋಗೆ ಎರಡನೇ ಸ್ಥಾನ!"

ಹೆಂಡತಿ ಬಾಗಿಲಲ್ಲಿ ನಿಂತು ಕಣ್ಣು ದೊಡ್ಡದು ಮಾಡಿ, ಸಾಕು ಎಂಬಂತೆ ತಲೆ ಆಡಿಸುತ್ತಿದ್ದಳು. ಅವನಿಗೆ ಅದು ಸಂತೋಷದ ಸನ್ನೆಯ ಹಾಗೆ ಕಂಡಿತು.

ಮೇಷ್ಟ್ರು ಹತ್ತಿರ ಬಂದು ದನಿ ತಗ್ಗಿಸಿದರು. "ನೋಡಿ ಸಾಹೇಬ್ರೆ. ನಾಯಿ ಉಳೀಲಿ, ನನಗೇನೂ ಬೇಜಾರಿಲ್ಲ. ಆದರೆ ಏಳರ ಹಿಂದೆ ಒಂದು ಗೆರೆ ಎಳೆದರೆ ಹದಿನೇಳು. ಒಂಬತ್ತರ ಹಿಂದೆ ಒಂದು ಎಳೆದರೆ ಹತ್ತೊಂಬತ್ತು. ನಾಯೀದು ಹದಿಮೂರು ಹಾಗೇ ಇರಲಿ, ನಾಯಿಗೆ ಅದು ಬೇಕಾದಷ್ಟಾಯ್ತು. ಎಲ್ಲರಿಗೂ ನೆಮ್ಮದಿ."

"ಎಳೀರಿ ಅಳಿಯಂದ್ರೆ," ಎಂದರು ದೊಡ್ಡಮ್ಮ ಮೆಲ್ಲಗೆ. "ಎರಡು ಗೆರೆ. ನಾಯಿ ಇಲ್ಲೇ ಇರುತ್ತೆ."

ಹೆಂಡತಿ ಬಂದು ಪೆನ್ನನ್ನು ಕೈಗೆ ಕೊಟ್ಟಳು. "ಎಳೆದ್ಬಿಡಿ ಅಂದ್ರೆ. ಏನು ಗಂಟು ಹೋಗುತ್ತೆ?"

ತಕ್ಕಡಿ ಪೆನ್ನು ಹಿಡಿದು ಪುಟದ ಮೇಲೆ ಬಗ್ಗಿದ. ಕಿಲೋ ಅವನ ಕಾಲಿನ ಹತ್ತಿರ ಬಂದು ಕುಳಿತು ಮುಖ ನೋಡಿತು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಅಂಗಡಿಯವರು, "ಒಂದು ಗೆರೆ ಆಚೀಚೆ ಮಾಡಿ ಸಾಹೇಬ್ರೆ," ಎಂದು ಕೈ ಹಿಡಿದಿದ್ದರು. ಅವನು ಮಾಡಿರಲಿಲ್ಲ. ಆ ಕಾರಣಕ್ಕೇ ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿಯಲ್ಲಿದ್ದ. ಬೆವರು ಒರೆಸಿಕೊಂಡ. ಪೆನ್ನನ್ನು ಮುಚ್ಚಿದ.

"ಆಗಲ್ಲ ದೊಡ್ಡಮ್ಮ. ಮುದ್ರೆ ಬಿದ್ದುಬಿಟ್ಟಿದೆ."

ದೊಡ್ಡಮ್ಮ ಮುದ್ರೆಯ ಮೇಲೆ ಬೆರಳಾಡಿಸಿ ನೋಡಿದರು. ಆಮೇಲೆ, "ಮತ್ತೆ ನಿಮ್ಮದೆಷ್ಟು?" ಎಂದರು.

"ನನ್ನದೇ? ತೂಗೋನನ್ನ ತೂಗೋ ಪದ್ಧತಿ ಇಲ್ಲ..."

"ಹಾಕ್ರೋ ಟವೆಲ್ಲು!" ಎಂದರು ಮೇಷ್ಟ್ರು. ಅವರ ದನಿಯಲ್ಲಿ ಮೂವತ್ತೆಂಟು ವರ್ಷದ ಸೇವೆ ಮತ್ತೆ ಜೀವ ಪಡೆದಿತ್ತು.

ಟೈಲರು ಟವೆಲ್ ಹಾಕಿದ. ನಿಲುಗಡಿಯಾರ ನೋಡುವುದು ಬೇರೆ ಯಾರಿಗೂ ಬಾರದ್ದರಿಂದ ಅದು ತಕ್ಕಡಿಯ ಕೈಯಲ್ಲೇ, ಟವೆಲಿನ ಒಳಗೇ ಇತ್ತು. ಒತ್ತಿದ ಸದ್ದು ಕೇಳಿತು. ಒಳಗೆ ಅವನು ಮುಳ್ಳನ್ನು ನೋಡುತ್ತ ನಿಂತ. ತಕ್ಕಡಿಗೆ ಕಲ್ಲು ಹಾಕಿದ ಮೇಲೆ ಮುಳ್ಳು ಅಲ್ಲಾಡುವುದು ನಿಲ್ಲುವ ತನಕ ಕೈ ಹಾಕಬಾರದು. ಹಾಕಿದರೆ ತೂಕ ಕೆಟ್ಟಿತು. ಇದು ಅವನ ಕೈಗೆ, ಕಣ್ಣಿಗೆ, ಉಸಿರಿಗೆ ಹತ್ತಿದ ಅಭ್ಯಾಸ. ಅವನು ಮುಳ್ಳು ನಿಲ್ಲಲಿ ಎಂದು ಕಾದ. ಗಡಿಯಾರದ ಮುಳ್ಳು ನಿಲ್ಲಲಿಲ್ಲ.

ಒಂದು ನಿಮಿಷವಾಯಿತು. ಎರಡಾಯಿತು. ವಠಾರದ ನಡುವೆ ಟವೆಲ್ ಹೊದ್ದ ಸರ್ಕಾರಿ ನೌಕರ, ಬಟ್ಟೆ ಮುಚ್ಚಿಟ್ಟ ಹಳೆಯ ರೇಡಿಯೋದ ಹಾಗೆ ನಿಂತಿದ್ದ.

"ಒಳಗಿದ್ದೀರಾ ಸಾಹೇಬ್ರೆ?" ಎಂದು ಟೈಲರು ಕೇಳಿದ.

"ಶ್! ಇನ್ನೂ ತಿರುಗ್ತಾ ಇದೆ," ಎಂದಿತು ಟವೆಲ್.

ನಾಲ್ಕನೇ ನಿಮಿಷಕ್ಕೆ ಕಿಲೋಗೆ ತಾಳಲಾಗಲಿಲ್ಲ. ಎದ್ದು ಬಂದು ಟವೆಲಿನ ತುದಿ ಕಚ್ಚಿ ಎಳೆಯಿತು. ಬೆಳಕಿಗೆ ಬಂದ ತಕ್ಕಡಿ ಕಣ್ಣು ಪಿಳುಕಿಸುತ್ತ, "ಎಷ್ಟಾಯ್ತು?" ಎಂದು ಅವರನ್ನೇ ಕೇಳಿದ. ಸೊನ್ನೆ.

ಆಮೇಲೆ ಅವನು ಏನು ಮಾಡಿದರೂ ಮುಳುಗುತ್ತಲೇ ಹೋದ. ಬಿಸ್ಕತ್ತು ನಡುವೆ ಇಟ್ಟದ್ದನ್ನು ಕಣ್ಣಾರೆ ಕಂಡಿದ್ದರೂ, ಕಂಡದ್ದನ್ನು ನಂಬಬಾರದೆಂದು ಆ ಕಡೆಯ, ಈ ಕಡೆಯ ಬಟ್ಟಲುಗಳನ್ನು ಮೊದಲು ಅಂಗೈಯಲ್ಲಿ ತೂಗಿ ನೋಡಿದ, ಒಂದು. ಬೆಂಚಿನ ಎತ್ತರ ಅಳೆದು, ತನ್ನ ಕೈಯ ದಪ್ಪ ಅಳೆದು, 'ತೂರುವುದಿಲ್ಲ' ಎಂದು ಬರೆದು ಎದ್ದ, ಕೈ ಹಾಕಿ ನೋಡಲಿಲ್ಲ, ಒಂದು. ಕರೆಯುವ ಕೆಲಸವನ್ನು ಮೇಷ್ಟ್ರೇ ವಹಿಸಿಕೊಂಡು, "ಲೀಟರ್..." ಎಂದು ಕೂಗಿದರು. "ಯಾವ ಅಂಗಡೀದು?" ಎಂದು ತಕ್ಕಡಿ ಓಡಿ ಬಂದ. ಬಂದವನು ತಾನು ಬಂದದ್ದನ್ನು ಪುಸ್ತಕದಲ್ಲಿ ಬರೆಯುತ್ತ ಕುಳಿತ. ಆ ಗಡಿಬಿಡಿಯಲ್ಲಿ, "ಸಾಹೇಬ್ರೆ" ಎಂದು ಮೂರು ಸಲ ಕರೆದದ್ದು ಕೇಳಿಸಲಿಲ್ಲ. ಸೊನ್ನೆ.

"ಒಟ್ಟು?" ಎಂದರು ದೊಡ್ಡಮ್ಮ.

ತಕ್ಕಡಿ ಮೂರು ಸಲ ಕೂಡಿಸಿದ. ಮೂರು ಸಲವೂ ಅಷ್ಟೇ ಬಂತು. ಸುಳ್ಳು ಹೇಳಲು ಬಾರದವನು, "ಎರಡು," ಎಂದ.

ಮೇಷ್ಟ್ರ ಮುಖ ಅರಳಿತು. "ನಾನು ಆಗಲೇ ಹೇಳಿದೆ. ನನ್ನ ವಿಷಯದಲ್ಲಿ ಎಲ್ಲೋ ಸ್ವಲ್ಪ ದೋಷ ಇದೆ. ಇವರ ವಿಷಯದಲ್ಲಿ ಮಾತ್ರ ಪರೀಕ್ಷೆ ಬಹಳ ಶಾಸ್ತ್ರೀಯವಾಗಿದೆ."

ಸಂಜೆ ಆರು ಗಂಟೆಗೆ ಸರಿಯಾಗಿ ಸಾಮಿಲ್ ಮೇಸ್ತ್ರಿ ಬಂದ. ಹೆಗಲ ಮೇಲೆ ಸರಪಳಿ, ಹುಬ್ಬಿನ ಮೇಲೆಲ್ಲ ಮರದ ಪುಡಿ. "ಎಲ್ಲಮ್ಮ ನಾಯಿ?" ಎಂದ.

"ನಾಯಿ ಕೊಡಲ್ಲ ಮೇಸ್ತ್ರಿ," ಎಂದರು ದೊಡ್ಡಮ್ಮ. "ಅದಕ್ಕೆ ಹದಿಮೂರು ಬಂದಿದೆ. ವಠಾರದಲ್ಲಿ ಹೆಣ್ಣುಮಗಳು ಒಬ್ಬಳನ್ನ ಬಿಟ್ರೆ ಬುದ್ಧಿ ಇರೋದು ಅದಕ್ಕೊಂದಕ್ಕೇ. ಅಂಥದನ್ನ ಯಾರಾದ್ರೂ ಬಿಟ್ಟುಕೊಡ್ತಾರಾ?"

ತಕ್ಕಡಿ ಕಿಲೋನ ಕುತ್ತಿಗೆ ತಬ್ಬಿಕೊಂಡ. ಅವನ ಕಣ್ಣಲ್ಲಿ ನೀರು ಬಂತು. ಸೊನ್ನೆ, ಒಂದು, ಎರಡು, ಎಲ್ಲ ಮರೆತುಹೋಯಿತು.

"ಒಳ್ಳೇ ಮಾತಾಯ್ತು," ಎಂದ ಮೇಸ್ತ್ರಿ. "ಮೂರು ಮೈಲಿ ನಡ್ಕೊಂಡು ಬಂದಿದ್ದೀನಿ. ಕಾವಲಿಗೆ ಏನಾದ್ರೂ ತಗೊಂಡು ಬಾ ಅಂತ ಮಾಲೀಕ್ರು ಅಂದಿದ್ದಾರೆ. ಅಲ್ಲಿ ಮರ ತೂಗೋ ದೊಡ್ಡ ಕಾಟಾ ಬೇರೆ ಕೆಟ್ಟು ನಿಂತಿದೆ, ನೋಡೋರಿಲ್ಲ. ಒಂದು ರೂಮಿದೆ, ಮಲಗೋಕೆ ಮಂಚ ಇದೆ. ಯಾರನ್ನ ಕರ್ಕೊಂಡು ಹೋಗ್ಲಿ?"

ದೊಡ್ಡಮ್ಮನ ನೋಟ ಕಿಲೋನ ಮೇಲಿಂದ ಮೆಲ್ಲಗೆ ಸರಿದು, ಅದನ್ನು ತಬ್ಬಿಕೊಂಡಿದ್ದವನ ಮೇಲೆ ಬಂದು ನಿಂತಿತು.

"ಕಾಟಾ ಕೆಟ್ಟಿದೆಯಂತೆ ಅಳಿಯಂದ್ರೆ," ಎಂದರು, ಬಹಳ ಮರ್ಯಾದೆಯಿಂದ. "ನಿಮಗೆ ನೋಡದೆ ಇರೋಕಾಗುತ್ತಾ? ಹೋಗಿ ಸ್ವಲ್ಪ ದಿನ ಅಲ್ಲೇ ಇದ್ದುಬಿಡಿ. ಆಫೀಸಿಗೂ ಅಲ್ಲಿಂದಲೇ ಬಸ್ಸಿದೆ. ಎಲ್ಲಾನೂ ತೂಗ್ತೀನಿ ಅನ್ನೋರಿಗೆ ಜಾಗ ಅದೇ ಸರಿ."

"ದೊಡ್ಡಮ್ಮ, ನಾನು... ಇವಳೇ, ನೀನಾದ್ರೂ ಹೇಳೇ!"

ಹೆಂಡತಿ ತಿರುಗಲಿಲ್ಲ. ಅವಳು ಒಳಗೆ ಹಾಸಿಗೆ ಸುತ್ತುತ್ತಿದ್ದಳು. "ದೊಡ್ಡಮ್ಮನ ಕೋಪ ಇಳಿಯೋ ತನಕ ಅಲ್ಲವೇನ್ರಿ," ಎಂದಳು. "ಎರಡು ಗೆರೆ ಎಳೀರಿ ಅಂದ್ರೆ ಕೇಳಿದ್ರಾ?"

ಮೇಸ್ತ್ರಿ ತಕ್ಕಡಿಯ ಸುತ್ತ ಒಂದು ಸಲ ತಿರುಗಿ, ಮೇಲಿಂದ ಕೆಳಗೆ ನೋಡಿದ. "ಕಳ್ಳರು ಬಂದ್ರೆ ಗಲಾಟೆ ಮಾಡೋಕೆ ಬರುತ್ತಾ?" ಎಂದು ದೊಡ್ಡಮ್ಮನನ್ನು ಕೇಳಿದ.

"ಬಾಯಿ ಮುಚ್ಚಲ್ಲ. ಅಷ್ಟು ಮಾತ್ರ ನನ್ನ ಜವಾಬ್ದಾರಿ."

"ಹಂಗಾದ್ರೆ ಸರಿ. ನಾಳೆ ಮಿಲ್ಲಿಗೆ ರಜ. ನಾಡಿದ್ದು ಲಾರಿ ಈ ಕಡೆಗೆ ಬರುತ್ತೆ, ಹತ್ತಿಸ್ಕೊಂಡು ಹೋಗ್ತೀನಿ." ಸರಪಳಿಯನ್ನು ಹೆಗಲಿಂದ ಇಳಿಸಲು ಹೋದವನು, ಯಾಕೋ ಯೋಚಿಸಿ, ಮತ್ತೆ ಹೆಗಲಿಗೇ ಹಾಕಿಕೊಂಡ.

ಸೋಮವಾರ ತಕ್ಕಡಿ ಆಫೀಸಿಗೆ ಹೋಗಿ ಬಂದ. ಸಂಜೆ ಎಂದಿನ ಹಾಗೆ ಮೆಟ್ಟಿಲ ಮೇಲೆ ಕುಳಿತು, ಅವತ್ತಿನ ಅಂಗಡಿಗಳ ಸುದ್ದಿ ಹೇಳಲು ಬಾಯಿ ತೆರೆದ. ಕಿಲೋ ಅಲ್ಲಿರಲಿಲ್ಲ. ಜಗಲಿಯ ಮೇಲೆ ದೊಡ್ಡಮ್ಮನ ಕಾಲಿನ ಹತ್ತಿರ ಮಲಗಿತ್ತು. ಹಿಂದಿನ ರಾತ್ರಿಯಿಂದ ಅದರ ಊಟ ಅವರ ಅಡಿಗೆಮನೆಗೆ ಬದಲಾಗಿತ್ತು, ತಟ್ಟೆಯ ಮೇಲೆ ಒಂದು ಮೊಟ್ಟೆಯೂ ಹೆಚ್ಚಾಗಿತ್ತು. ತಕ್ಕಡಿ ಪ್ರೀತಿಯ ದನಿಯಲ್ಲಿ, "ಕಿಲೋ" ಎಂದು ಕರೆದ. ನಾಯಿ ಒಂದು ಕಿವಿ ಎತ್ತಿತು, ದೊಡ್ಡಮ್ಮನ ಮುಖ ನೋಡಿತು, ಕಿವಿ ಇಳಿಸಿತು.

ಲಾರಿ ಬೆಳಿಗ್ಗೆ ಎಂಟಕ್ಕೆ ಬಂತು. ಹಾಸಿಗೆ ಸುರುಳಿ, ಉದ್ದ ಪುಸ್ತಕ, ಮುದ್ರೆಯ ಡಬ್ಬಿ. ಮೇಷ್ಟ್ರು ಮಹಡಿಯಿಂದಲ್ಲ, ಕೆಳಗೆ ಇಳಿದು ಬಂದೇ ಕೈ ಬೀಸಿದರು. ಸಾಮಿಲ್ಲಿಗೆ ತಕ್ಕಡಿ ಹೋದದ್ದು ಮಂಗಳವಾರ. ಹೋದದ್ದು ಅವನೊಬ್ಬನೇ.